ಹಗ್ಗದ ಮಾತಿಗೆ ನಾನು ಬರೆದ ಅರ್ಥ

ಒಂಬತ್ತು ಶಬ್ದ. ಒಂಬತ್ತೇ ಒಂಬತ್ತು! ಅದೂ ದನ ಹಿಡಿಯುವವರ ಬಾಯಲ್ಲಿ ಬರುವ ಶಬ್ದಗಳು. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಎಂಟು ವರ್ಷ ಕಲಿತು, ಚಂದದ ಕೈಬರಹಕ್ಕೆ ಎರಡು ಸಲ ನೀಲಿ ರಿಬ್ಬನ್ ಕಟ್ಟಿಸಿಕೊಂಡ ನನಗೆ ಅವಕ್ಕೆ ಇಂಗ್ಲಿಷಿನಲ್ಲಿ ಅರ್ಥ ಬರೆಯುವುದು ಯಾವ ಲೆಕ್ಕ? ಅಕ್ಕಿ ನೆನೆಹಾಕಿ ಕೂತರೆ ಅದು ನೆನೆಯುವುದರೊಳಗೆ ಮುಗಿದೀತು ಎಂದುಕೊಂಡೆ. ಮುಗಿಯಿತು ಕೂಡ. ಅಕ್ಕಿ ನೆನೆಯುವಷ್ಟು ಹೊತ್ತಿನಲ್ಲಿ ನಾನು ಇಬ್ಬರ ನೌಕರಿಯನ್ನು ಮುಗಿಸಿಬಿಟ್ಟಿದ್ದೆ.

ನಮ್ಮ ಮನೆಯವರು ಇಲ್ಲಿ ಸುರಪುರದ ತಹಸೀಲ ಕಚೇರಿಯಲ್ಲಿ ಪೇಶಕಾರರು, ಅಂದರೆ ತಹಸೀಲದಾರ ಸಾಹೇಬರ ಮುಂದೆ ಉರ್ದು ಕಾಗದಪತ್ರ ಇಡುವವರು. ಹೋದ ವರ್ಷ ಮಳೆಗೆ ಮುಂಚೆ ಅವರು ಕಚೇರಿಯಿಂದ ಬಂದವರೇ ರುಮಾಲು ಕೂಡ ತೆಗೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮುಖದಲ್ಲಿ ನಗು. ನಮ್ಮವರ ಮುಖದಲ್ಲಿ ಅಂಥ ನಗು ಕಂಡರೆ ನನ್ನ ಹೆಸರಿನಲ್ಲಿ ಏನೋ ಒಪ್ಪಿಕೊಂಡು ಬಂದಿದ್ದಾರೆಂದೇ ಅರ್ಥ.

“ಕೇಳಿಲ್ಲೆ, ಕೊಂಡವಾಡಿಗೆ ಇಬ್ಬರು ಆಳು ತಗೋಬೇಕಂತ ಹುಕುಂ ಬಂದೈತಿ,” ಎಂದರು.

ಕೊಂಡವಾಡಿ ಎಂದರೆ ಊರಂಚಿನಲ್ಲಿ, ನಮ್ಮ ಓಣಿಯ ಹಿಂದಿನ ಮೈದಾನದಲ್ಲಿರುವ ಕಲ್ಲುಗೋಡೆಯ ದೊಡ್ಡಿ. ಹಗ್ಗ ಹರಿದುಕೊಂಡು ಓಡಿದ ದನ, ಪರರ ಹೊಲ ಮೇಯ್ದ ದನ ಎಲ್ಲವನ್ನೂ ಹಿಡಿದು ತಂದು ಅಲ್ಲಿ ಕೂಡಿಹಾಕುತ್ತಾರೆ.

“ತಗೊಳ್ರಿ. ನನಗೇನು?”

“ಎರಡು ಜೋಡಿ ಅರ್ಜಿ ಹಾಕ್ಯಾರ. ಒಂದು ನಮ್ಮ ಸಾಬಣ್ಣ, ನಿಂಗಪ್ಪ. ಇನ್ನೊಂದು ಗುರುಮಠಕಲ್ ಕಡಿಯವರು. ಸಾಹೇಬರು ಮೈದಾನದಾಗ ಹೋರಿ ಬಿಟ್ಟು ಪರೀಕ್ಷಾ ಮಾಡ್ತಾರಂತ. ಸಾಹೇಬರು ಹೊಸಬರು, ಕನ್ನಡ ಬರೂದಿಲ್ಲ. ವಿಲಾಯತಿಗೆ ಹೋಗಿ ಬಂದಾರ. ಹಗ್ಗ ಹಾಕೋರು ಏನೇನು ಒದರ್ತಾರ ಅನ್ನೋದು ಅವರಿಗೆ ತಿಳೀಬೇಕಲ್ಲ? ನಮ್ಮ ಮನಿಯಾಗ ಬರದು ಕೊಡ್ತಾರ ಅಂತ ಹೇಳೇನಿ.”

“ಉರ್ದುದಾಗ ನೀವ ಬರದು ಕೊಡ್ರಲ್ಲ?”

“ಉರ್ದು ಎಲ್ಲಾರೂ ಬರೀತಾರ. ಇಂಗ್ಲಿಷು ಯಾರ ಮನಿಯಾಗ ಐತಿ?”

ಈ ಒಂದು ಮಾತಿಗೆ ನಾನು ಬಲಿಯಾದೆ. ಒಲೆಯ ಮುಂದೆ ಕೂತು ಕೂತು, ನನ್ನ ಇಂಗ್ಲಿಷು ಟ್ರಂಕಿನ ತಳದ ರೇಷ್ಮೆ ಸೀರೆಯಂತೆ ಮಡಿಕೆಯಲ್ಲೇ ಹರಿದುಹೋಗುತ್ತದೆಯೆಂಬ ಸಂಕಟ ನನಗಿತ್ತು. ಉಡಲು ಒಂದು ಸಂದರ್ಭ ಸಿಕ್ಕಿತಲ್ಲ!

ಮರುದಿನ ಮಧ್ಯಾಹ್ನ ಸಾಬಣ್ಣನೂ ನಿಂಗಪ್ಪನೂ ನಮ್ಮ ಹಿತ್ತಲಿಗೆ ಬಂದರು. ಸಾಬಣ್ಣನಿಗೆ ನಲವತ್ತರ ಮೇಲೆ. ನಿಂಗಪ್ಪ ಅವನ ಹೆಂಡತಿಯ ತಮ್ಮ, ಮಾತು ಕಡಿಮೆ. ಕುರಿ ಕಾಯುವ ಮನೆತನದವರು. ಆದರೆ ಸುತ್ತ ಹತ್ತು ಊರಿನಲ್ಲಿ ಯಾರ ಹೋರಿ ಸೊಕ್ಕಿದರೂ ಇವರಿಗೇ ಕರೆ. ಸಾಬಣ್ಣ ಮುಂದಿನಿಂದ ಕೊಂಬಿಗೆ ಹಗ್ಗ ಹಾಕಿ ಹೋರಿಯನ್ನು ತಿರುಗಿಸುತ್ತಾನೆ. ತಿರುಗಿದ ಗಳಿಗೆಯಲ್ಲಿ ನಿಂಗಪ್ಪ ಹಿಂದಿನಿಂದ ಎರಡೂ ಕಾಲಿಗೆ ಕುಣಿಕೆ ಹಾಕುತ್ತಾನೆ. ಹೋರಿ ಒಂದು ಗಾಯವೂ ಇಲ್ಲದೆ ನಿಂತಲ್ಲೇ ನಿಲ್ಲುತ್ತದೆ. ಸಾಬಣ್ಣನ ಬಲಗೈ ಹೆಬ್ಬೆರಳಿಗೆ ಉಗುರಿನ ಭಾಗವೇ ಇಲ್ಲದ್ದನ್ನು ಅವತ್ತು ಮೊದಲು ನೋಡಿದೆ.

“ಇದೇನಾತು ಸಾಬಣ್ಣಾ?”

“ಗೂಟಕ್ಕ ಹಗ್ಗ ಸುತ್ತಾಗ ಬೆರಳು ಒಳಗ ಉಳಿದಿತ್ತು ಅಕ್ಕಾರ. ಹೋರಿ ಜಗ್ಗಿತು, ಬೆರಳು ಹೋತು.” ಬೆರಳಿನ ತುದಿಯನ್ನು ಸಂತೆಯಲ್ಲಿ ಮರೆತು ಬಂದವನಂತೆ ಹೇಳಿದ. “ಈ ನೌಕರಿ ಒಂದು ಆಗ್ಲಿ ನೋಡ್ರಿ. ಇಲ್ಲಂದ್ರ ನಿಂಗ್ಯಾ ಸೊಲ್ಲಾಪುರದ ಗಿರಣಿಗೆ ಹೊಂಟಾನ. ಅವ ಹೋದ್ರ ನನ್ನ ಹಗ್ಗ ಜ್ವಾಳದ ಕಣಿಕಿ ಕಟ್ಟಾಕ ಅಷ್ಟ.”

“ಬ್ಯಾರೆ ಯಾರರ ಸಿಗೂದಿಲ್ಲೇನು?”

“ಹಗ್ಗ ಹಾಕೋರು ಸಿಗ್ತಾರ್ರೀ. ನಾ ಹೋರಿ ಯಾವಾಗ ತಿರಗಿಸ್ತೀನಿ ಅಂತ ನನ್ನ ಬೆನ್ನು ನೋಡಿ ತಿಳಕೊಳ್ಳೋರು ಎಲ್ಲಿ ಸಿಗ್ತಾರ?”

ನಿಂಗಪ್ಪ ನೆಲ ನೋಡುತ್ತಾ ನಿಂತಿದ್ದ. ಅವನ ಕಿವಿ ಕೆಂಪಾಯಿತು.

ನಾನು ಗಂಭೀರವಾಗಿ ಕಾಗದ ತೆಗೆದೆ. ನಿಬ್ಬು ಒರೆಸಿದೆ. ಗೆರೆ ಎಳೆದೆ. ಶಬ್ದಗಳನ್ನು ಪ್ರಯೋಗಸಹಿತ ತಿಳಿಯಬೇಕೆಂಬ ಹಠದಿಂದ, ನಮ್ಮವರ ಆರಾಮ ಕುರ್ಚಿಯನ್ನು ಹಿತ್ತಲಿಗೆ ತರಿಸಿ, “ಇದು ಹೋರಿ ಅಂತ ತಿಳಕೊಂಡು ಹಾಕಿ ತೋರಸು,” ಎಂದು ಅಪ್ಪಣೆ ಕೊಟ್ಟೆ. ಸಾಬಣ್ಣ ಎರಡು ಸಲ ಬೇಡವೆಂದ. ಆಮೇಲೆ ಹಗ್ಗ ಬೀಸಿದ. ಕುರ್ಚಿ ಬಂತು. ಅದರ ಒಂದು ಕೈ ಮಾತ್ರ ಅಲ್ಲೇ ಉಳಿಯಿತು!

“ಸಾಕು, ಸಾಕು! ಇನ್ನು ಬಾಯಿಲೆ ಹೇಳು,” ಎಂದೆ. ಹೀಗಾಗಿ ಕೊಂಬಿನ ಕೆಲಸ ಮಾತ್ರ ಕಣ್ಣಿಂದ ನೋಡಿದೆ. ಕಾಲಿನ ಕೆಲಸ, ಅಂದರೆ ನಿಂಗಪ್ಪನ ಕೆಲಸ, ಬರೀ ಕಿವಿಯಿಂದ ಕೇಳಿದೆ. ಅನರ್ಥದ ಬೀಜ ಬಿದ್ದದ್ದು ಅಲ್ಲಿ.

ಮುಂದಿನವನಿಗೆ ‘ಕೊಂಬಿನವ’ ಎನ್ನುತ್ತಾರೆ. ಕೊಂಬು ಉಳ್ಳವನು ಎಂದು ಬರೆದೆ. ಹಿಂದಿನವನು ‘ಕಾಲಿನವ’. ಕಾಲಿಗೆ ಇಂಗ್ಲಿಷಿನಲ್ಲಿ ಫುಟ್, ಮನುಷ್ಯನಿಗೆ ಮ್ಯಾನ್. ಫುಟ್‌ಮನ್! ಎಷ್ಟು ಸರಾಗವಾಗಿ ಕೂಡಿಕೊಂಡಿತು! ಗೂಟಕ್ಕೆ ಹಗ್ಗ ಸುತ್ತುವುದಕ್ಕೆ ‘ಸುತ್ತು’. ಸಾಬಣ್ಣ ಸುತ್ತುವ ಮುಂಚೆ ಹಗ್ಗವನ್ನು ಕಣ್ಣಿಗೆ ಒತ್ತಿಕೊಂಡದ್ದನ್ನು ಗಮನಿಸಿದ್ದೆನಲ್ಲ, ಆ ವಿವರ ಬಿಟ್ಟರೆ ಹೇಗೆ? ‘ಭಕ್ತಿಯಿಂದ ಮೂರು ಸುತ್ತು ಬರುವುದು’ ಎಂದು ಸೇರಿಸಿದೆ.

ಹಿಂದಿನ ಎರಡೂ ಕಾಲು ಸಿಕ್ಕರೆ ‘ಜೋಡಿ’. ಅದೇ ಸರಿಯಾದ ಹಿಡಿತ. ಒಂದೇ ಕಾಲು ಸಿಕ್ಕರೆ ‘ಒಂಟಿ’. ಅದು ಅರೆಬರೆ ಕೆಲಸ, ನಾಚಿಕೆಗೇಡು. ಒಂಟಿಗೆ ಏನು ಬರೆಯಲಿ? ವ್ಯಾಕರಣದ ತರಗತಿ ನೆನಪಾಯಿತು. ಒಂದೇ ಇದ್ದರೆ ಏಕವಚನ, ಏಕವಚನಕ್ಕೆ ಸಿಂಗ್ಯುಲರ್. ಬರೆದೆ. ದೊಡ್ಡವರ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಅಪೂರ್ವ, ಅಸಾಮಾನ್ಯ, ಹಿಂದೆಂದೂ ಕಾಣದ್ದು ಎಂಬ ಅರ್ಥವೂ ಇದೆ. ನನಗೆ ಅದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆ ಹೊತ್ತಿಗೆ ಹಾಲು ಉಕ್ಕುತ್ತಿತ್ತು.

ಕೊನೆಯ ಶಬ್ದ ‘ಬಿಟ್ಟೆ’.

“ಬಿಟ್ಟೆ ಅಂದ್ರ ಏನು ನಿಂಗಪ್ಪಾ?”

“ಬಿಟ್ಟೆ ಅಂದ್ರ... ಬಿಟ್ಟೆ ರೀ.”

“ಯಾವಾಗ ಒದರ್ತೀ?”

“ಬಿಟ್ಟಾಗ ರೀ.”

ಇದಕ್ಕಿಂತ ಸ್ಪಷ್ಟ ಉತ್ತರ ಇನ್ನೇನು ಬೇಕು? ನಮ್ಮ ಮನೆಯಲ್ಲಿ ಈ ಶಬ್ದ ತಿಂಗಳಿಗೊಮ್ಮೆ ಕೇಳಿಬರುತ್ತದೆ. ನಮ್ಮವರು ನಶ್ಯದ ಡಬ್ಬಿಯನ್ನು ಹಿತ್ತಲಿಗೆ ಎಸೆದು, “ಇವತ್ತಿಗೆ ಬಿಟ್ಟೆ!” ಎಂದು ಘೋಷಿಸುತ್ತಾರೆ. ಸಂಜೆ ಟಾರ್ಚು ಹಿಡಿದು ಹುಡುಕುತ್ತಾರೆ. ಆ ಅರ್ಥವನ್ನೇ ಬರೆದೆ: ‘ಐ ಹ್ಯಾವ್ ಗಿವನ್ ಅಪ್.’ ನಾನು ಕೈಚೆಲ್ಲಿದೆ, ಇನ್ನು ನನ್ನಿಂದಾಗದು. ಅಕ್ಷರಗಳು ಮುತ್ತಿನಂತೆ ಬಂದಿದ್ದವು.

ಕುಣಿಕೆಯನ್ನು ಕೈಯಿಂದ ಎಸೆದ ಗಳಿಗೆಯಲ್ಲಿ ಹಿಂದಿನವನು ‘ಬಿಟ್ಟೆ’ ಎಂದು ಕೂಗುತ್ತಾನೆ, ಮುಂದಿನವನು ಹಗ್ಗ ಬಿಗಿಹಿಡಿಯಲಿ ಎಂದು. ಈ ಸಂಗತಿ ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ಮೈದಾನಕ್ಕೆ ಊರೇ ಸೇರಿತ್ತು. ಗಂಡಸರ ನಡುವೆ ನಾನು ಹೋಗುವಂತಿರಲಿಲ್ಲ. ಪಕ್ಕದ ಮನೆಯ ಶಂಕ್ರವ್ವನ ಮಾಳಿಗೆ ಹತ್ತಿದರೆ ಎಲ್ಲ ಕಾಣುತ್ತದೆ, ಕೇಳುತ್ತದೆ ಕೂಡ. ಶಂಕ್ರವ್ವ ಸಂಡಿಗೆ ಹರವುತ್ತಾ, “ನಿನ್ನ ಕಾಗದ ಎಲ್ಲೈತಿ ತಂಗಿ?” ಎಂದು ಕೇಳಿದಳು. ಸಾಹೇಬರ ಕೈಯಲ್ಲಿತ್ತು. ದೂರದಿಂದಲೂ ನನ್ನ ಗೆರೆಗಳು ನೆಟ್ಟಗೆ ಕಂಡವು. ಎದೆ ಉಬ್ಬಿತು.

ಸಾಹೇಬರು ಕಾಗದ ನೋಡಿ, ಫುಟ್‌ಮನ್ ಯಾರು ಎಂದು ಉರ್ದುವಿನಲ್ಲಿ ಕೇಳಿದರು. ನಿಂಗಪ್ಪ ಕೈ ಎತ್ತಿದ. ವಿಲಾಯತಿಯಲ್ಲಿ ಫುಟ್‌ಮನ್ ಎಂದರೆ ದೊಡ್ಡವರ ಕುರ್ಚಿಯ ಹಿಂದೆ ನಿಲ್ಲುವ ಮನೆಯಾಳಂತೆ. ಸಾಹೇಬರು ಪ್ರೀತಿಯಿಂದ ಅವನನ್ನು ಕರೆದು ತಮ್ಮ ಕುರ್ಚಿಯ ಹಿಂದೆ ನಿಲ್ಲಿಸಿಕೊಂಡರು! ಯಾರೋ ಅವನ ಕೈಗೆ ಬೀಸಣಿಗೆಯನ್ನೂ ಕೊಟ್ಟರು. ನಿಂಗಪ್ಪ ಹೇಳಿದ ಕೆಲಸ ಮಾಡುವವನು. ಬೀಸತೊಡಗಿದ.

ಅತ್ತ ಸಾಬಣ್ಣ ಹೋರಿಯ ಮುಂದೆ ಒಬ್ಬನೇ ನಿಂತು ಒದರಿದ: “ನಿಂಗ್ಯಾ! ಅಲ್ಲೇನು ಮಾಡಾಕತ್ತೀಯೋ!”

“ಗಾಳಿ ಹಾಕಾಕತ್ತೇನಿ ಮಾವಾ!”

ಜನ ನಕ್ಕರು. ಶಂಕ್ರವ್ವನೂ ನಕ್ಕಳು. ನಾನೂ ನಕ್ಕೆ, ಅದು ನನ್ನ ಕೈಕೆಲಸವೆಂದು ಇನ್ನೂ ಹೊಳೆದಿರಲಿಲ್ಲ. ನಮ್ಮವರು ಹೋಗಿ ಸಾಹೇಬರ ಕಿವಿಯಲ್ಲಿ ಏನೋ ಹೇಳಿ ನಿಂಗಪ್ಪನನ್ನು ಬಿಡಿಸಿದರು.

ದೊಡ್ಡಿಯ ಬಾಗಿಲು ತೆಗೆದರು. ಹೋರಿ ಹೊರಬಿತ್ತು. ಸಾಹೇಬರು ಜೇಬಿನ ಗಡಿಯಾರ ಒತ್ತಿದರು. ಸಾಬಣ್ಣನ ಹಗ್ಗ ಗಾಳಿಯಲ್ಲಿ ಒಂದು ಸಲ ತಿರುಗಿ ಎರಡೂ ಕೊಂಬಿಗೆ ಬಿತ್ತು. “ಸುತ್ತು!” ಎಂದು ಕೂಗುತ್ತಾ ಗೂಟಕ್ಕೆ ಹಗ್ಗ ಸುತ್ತಿದ. ಸಾಹೇಬರು ಕಾಗದ ನೋಡಿದರು. ತಟ್ಟನೆ ಎದ್ದು ನಿಂತರು, ಟೊಪ್ಪಿಗೆ ಸರಿಮಾಡಿಕೊಂಡು ತಲೆ ಬಾಗಿಸಿದರು! ಇನ್ನೊಬ್ಬರ ದೇವರ ಕೆಲಸಕ್ಕೆ ಮರ್ಯಾದೆ ಕೊಡುವ ಸಜ್ಜನರು. ಅವರು ಎದ್ದದ್ದನ್ನು ಕಂಡು ಕಚೇರಿಯವರೆಲ್ಲ ಎದ್ದರು. ಯಾಕೆ ಎದ್ದೆವೆಂದು ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು.

ಹೋರಿ ತಿರುಗಿತು. ಸಾಬಣ್ಣ ಮಾತಾಡಲಿಲ್ಲ, ಸನ್ನೆ ಮಾಡಲಿಲ್ಲ. ಅವನ ಬೆನ್ನು ಎಡಕ್ಕೆ ಒಂದಿಷ್ಟು ಬಾಗಿತು, ಅಷ್ಟೆ. ಅದನ್ನು ಕಂಡ ನಿಂಗಪ್ಪ ಕುಣಿಕೆ ಎಸೆದು ಒದರಿದ: “ಬಿಟ್ಟೆ!”

ಸಾಹೇಬರು ಕಾಗದ ನೋಡಿದರು. ‘ಅಯ್ಯೋ ಪಾಪ’ ಎನ್ನುವಂತೆ ತಲೆ ಅಲ್ಲಾಡಿಸಿ ಗಡಿಯಾರವನ್ನು ಜೇಬಿಗಿಟ್ಟರು.

ಆಮೇಲೆ ಹೋರಿಯ ಎರಡೂ ಕಾಲು ಕುಣಿಕೆಗೆ ಬಿದ್ದವು. ಜೋಡಿ! ಹೋರಿ ಕಲ್ಲಿನಂತೆ ನಿಂತಿತು. ಅದರ ಕೊರಳ ಗಂಟೆ ಕೂಡ ಅಲ್ಲಾಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸಾಬಣ್ಣ ರುಮಾಲಿನಿಂದ ಮುಖ ಒರೆಸಿಕೊಂಡು ಸಾಹೇಬರ ಕಡೆ ನೋಡಿದ. ಸಾಹೇಬರು ನಮ್ಮವರಿಗೆ ಉರ್ದುವಿನಲ್ಲಿ ಹೇಳಿದ್ದನ್ನು ಆಮೇಲೆ ತಿಳಿದೆ: ‘ಇವರು ಸೋಲೊಪ್ಪಿಕೊಂಡಾಗಿದೆ. ಕೈಚೆಲ್ಲಿದ ಮೇಲೆ ಸಿಕ್ಕಿಬಿದ್ದದ್ದು ಹೋರಿಯ ದಡ್ಡತನವೇ ಹೊರತು ಇವರ ಜಾಣತನವಲ್ಲ.’

ಗುರುಮಠಕಲ್ಲಿನವರ ಸರದಿ ಬಂತು. ಅವರ ಕೂಗೆಲ್ಲ ತೆಲುಗಿನಲ್ಲಿ. ನನ್ನ ಕಾಗದದಲ್ಲಿ ತೆಲುಗು ಇರಲಿಲ್ಲ. ಬದುಕಿಕೊಂಡರು! ಕೊಂಬಿಗೆ ಹಗ್ಗ ಬಿತ್ತು, ಹಿಂದೆ ಮಾತ್ರ ಒಂದೇ ಕಾಲು ಸಿಕ್ಕಿತು. ಹೋರಿ ಮೂರು ಕಾಲಿನಲ್ಲಿ ಕುಣಿಯಿತು. ನಮ್ಮೂರ ಜನ ಗೇಲಿ ಮಾಡಿ ಕೂಗಿದರು: “ಒಂಟಿ! ಒಂಟಿ!”

ಸಾಹೇಬರು ಕಾಗದ ನೋಡಿದರು. ಸಿಂಗ್ಯುಲರ್! ಅವರ ಮುಖ ಅರಳಿತು.

“ತಂಗೀ,” ಶಂಕ್ರವ್ವ ನನ್ನ ತೋಳು ಹಿಡಿದಳು. “ಮುಖ ಯಾಕ ಹಂಗಾತು? ಕಾಗದದಾಗ ಏನರ ಹೆಚ್ಚುಕಮ್ಮಿ ಆಗ್ಯಾದೇನು?”

ಹೌದೆಂದು ತಲೆಯಾಡಿಸಿದೆ.

“ಹಂಗಾದ್ರ ಒದರು! ಇಲ್ಲಿಂದ ಒದರಿದ್ರ ಕೇಳಿಸ್ತೈತಿ. ತಪ್ಪು ಬರದೀನಿ ಅಂತ ಒದರು!”

ಕೇಳಿಸುತ್ತಿತ್ತು. ಇಪ್ಪತ್ತು ಮಾರು ದೂರವೂ ಇರಲಿಲ್ಲ. ಬಾಯಿ ತೆರೆದೆ. ಊರ ಗಂಡಸರೆಲ್ಲ ತಲೆಯೆತ್ತಿ ನೋಡುತ್ತಾರೆ. ಪೇಶಕಾರರ ಹೆಂಡತಿಗೆ ಇಂಗ್ಲಿಷು ಬರುವುದಿಲ್ಲವಂತೆ ಎನ್ನುತ್ತಾರೆ. ನಮ್ಮವರ ತಲೆ ತಗ್ಗುತ್ತದೆ. ಮರ್ಯಾದಸ್ಥ ಹೆಣ್ಣುಮಗಳು ದನಿ ಎತ್ತಬಾರದೆಂದು ಸಿಸ್ಟರುಗಳು ಎಂಟು ವರ್ಷ ಕಲಿಸಿದ್ದು ಬೇರೆ. ಎಂಟು ವರ್ಷದಲ್ಲಿ ಅದೊಂದನ್ನು ಮಾತ್ರ ಚೆನ್ನಾಗಿ ಕಲಿತಿದ್ದೆ. ಬಾಯಿ ಮುಚ್ಚಿದೆ. ಕೆಳಗೆ ನೌಕರಿ ಗುರುಮಠಕಲ್ಲಿನವರಿಗೆ ಆಯಿತು. ನನ್ನ ಕಾಲ ಕೆಳಗೆ ಶಂಕ್ರವ್ವನ ಹಸಿ ಸಂಡಿಗೆ ಅರ್ಧದಷ್ಟು ತುಳಿದುಹೋಗಿತ್ತು.

ಮನೆಗೆ ಬಂದ ನಮ್ಮವರು ಕೈ ಮುರಿದ ಕುರ್ಚಿಯಲ್ಲಿ ಕೂತು ಒಂದು ಕಡೆ ವಾಲಿದರು.

“ಸಾಬಣ್ಣನ ಜೋಡಿ ಸೋಲು ಒಪ್ಪಿಕೊಂಡೈತಿ ಅಂತ ಸಾಹೇಬರಿಗೆ ಯಾಕ ಅನಿಸಿತು, ನನಗಂತೂ ತಿಳೀಲಿಲ್ಲ,” ಎಂದರು.

ಹೇಳಿದೆ. ಒಂದೊಂದೇ ಶಬ್ದ ಹೇಳಿದೆ. ಅವರು ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು.

“ಒಂಬತ್ತೂ ತಪ್ಪೇನು?”

“ನಾಲ್ಕು ಸರಿ ಇದ್ದುವ್ರಿ.”

“ಮತ್ತ?”

“ಆ ನಾಲ್ಕನ್ನು ಇವತ್ತು ಯಾರೂ ಒದರಲೇ ಇಲ್ಲ.”

ಅಂದೇ ಕೂತು ಸಾಹೇಬರಿಗೆ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದೆ. ಅಷ್ಟು ಜಾಗ್ರತೆಯಿಂದ ನಾನು ಹಿಂದೆಂದೂ ಬರೆದಿಲ್ಲ. ಪ್ರತಿ ಶಬ್ದಕ್ಕೆ ನಿಘಂಟು ನೋಡಿದೆ. ತಪ್ಪು ಪೂರ್ತಿ ನನ್ನದೆಂದೂ, ಆ ಇಬ್ಬರಷ್ಟು ಚೆನ್ನಾಗಿ ದನ ಹಿಡಿಯುವವರು ಈ ಸೀಮೆಯಲ್ಲಿಲ್ಲವೆಂದೂ, ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದೂ ಬೇಡಿಕೊಂಡೆ. ಒಂದು ಕಾಗುಣಿತ ತಪ್ಪಿಲ್ಲ, ಒಂದು ಚಿತ್ತಿಲ್ಲ. ನಾಲ್ಕನೆಯ ದಿನ ಉತ್ತರ ಬಂತು. ಅದರ ಸಾರಾಂಶ ಇಷ್ಟು: ಇಂಥ ನಿರ್ದುಷ್ಟವಾದ ಇಂಗ್ಲಿಷು ಬರೆಯಬಲ್ಲವರು ಒಂಬತ್ತು ಸಣ್ಣ ಶಬ್ದಗಳಲ್ಲಿ ತಪ್ಪಿರಲು ಸಾಧ್ಯವಿಲ್ಲ, ಬಡವರ ಮೇಲಿನ ಕರುಣೆಯಿಂದ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದೀರಿ, ಇದು ತಮ್ಮ ದೊಡ್ಡ ಮನಸ್ಸು. ನನ್ನ ಕೈಬರಹವನ್ನು ಬೇರೆ ಹೊಗಳಿದ್ದರು!

ತಪ್ಪು ಬರೆದಾಗ ನಂಬಿದರು, ಸರಿ ಬರೆದಾಗ ನಂಬಲಿಲ್ಲ.

ಸಾಬಣ್ಣನ ಮನೆಗೆ ನಾನೇ ನಡೆದುಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವನ ಹೆಂಡತಿ ಒಳಗಿನಿಂದ ಕಂಬಳಿ ತಂದು ಹಾಸಿದಳು, ಮಜ್ಜಿಗೆ ಕೊಟ್ಟಳು. ಮಾತಾಡದ ನಿಂಗಪ್ಪ ಅವತ್ತು ಮಾತಾಡಿದ.

“ನಿಮ್ಮದೇನು ತಪ್ಪಿಲ್ರೀ ಅಕ್ಕಾರ. ನಮ್ಮ ಮಾತ ಹಂಗ ಅದಾವು. ಬಾಯಿ ಮುಚ್ಕೊಂಡು ಹಿಡೀಬೇಕಿತ್ತು ನಾವು.”

ಬಾಯಿ ಮುಚ್ಚಿಕೊಂಡಿದ್ದವಳು ನಾನು ಎಂದು ಹೇಳಲಾಗಲಿಲ್ಲ. ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದು ಎದ್ದೆ.

ಮೊದಲ ಮಳೆಯಾದ ವಾರ ನಿಂಗಪ್ಪ ಯಾದಗಿರಿಗೆ ಹೋಗುವ ಬಂಡಿ ಹತ್ತಿ, ಅಲ್ಲಿಂದ ಸೊಲ್ಲಾಪುರದ ರೈಲು ಹಿಡಿದ. ಸಾಬಣ್ಣ ಶಹಾಪುರದ ಕಡೆಯವನೊಬ್ಬನನ್ನು ಕಾಲಿನ ಕೆಲಸಕ್ಕೆ ಕೂಡಿಸಿಕೊಂಡ. ಆತ ಗಟ್ಟಿ ಆಳು, ಗುರಿಯೂ ಇತ್ತು. ಆದರೆ ಸಾಬಣ್ಣ ಈಗ ಪ್ರತಿ ಸಲ ಹಿಂತಿರುಗಿ ನೋಡಬೇಕಾಗಿತ್ತು, ಆತ ತಯಾರಿದ್ದಾನೋ ಇಲ್ಲವೋ ಎಂದು. ಹಿಂತಿರುಗಿ ನೋಡುವಷ್ಟು ಹೊತ್ತು ಯಾವ ಹೋರಿ ಕಾಯುತ್ತದೆ? ಎರಡು ಹೋರಿ ತಪ್ಪಿಸಿಕೊಂಡವು. ಮೂರನೆಯದು ಆತನ ಪಕ್ಕೆಗೆ ಒದೆಯಿತು. ಆತ ಊರಿಗೆ ಹೋದ. ಜನ ಸಾಬಣ್ಣನನ್ನು ಕರೆಯುವುದು ಬಿಟ್ಟರು. ಅವನು ಬೆಳಿಗ್ಗೆ ಕುರಿ ಹೊಡೆದುಕೊಂಡು ನಮ್ಮ ಮನೆಯ ಮುಂದೆ ಹೋಗುವಾಗ ಮೊದಲಿನಂತೆಯೇ “ಅಡಗಿ ಆತೇನ್ರಿ ಅಕ್ಕಾರ?” ಎಂದು ಕೇಳುತ್ತಾನೆ. ಹೆಗಲ ಮೇಲೆ ಹಗ್ಗವಿರುವುದಿಲ್ಲ.

ಹೋದ ವಾರ ಸಾಬಣ್ಣ ನಮ್ಮ ಅಂಗಳಕ್ಕೆ ಬಂದು ಒಂದು ಕಾಗದ ಚಾಚಿದ.

“ಸೊಲ್ಲಾಪುರದಿಂದ ನಿಂಗ್ಯಾಂದು. ಓದಿ ಹೇಳ್ರಿ ಅಕ್ಕಾರ.”

ಊರಿನಲ್ಲಿ ಓದುಬಲ್ಲವರು ಬೇರೆ ಇದ್ದರೂ ನನ್ನ ಬಳಿಗೇ ತಂದನಲ್ಲ! ನನಗೆ ಕಣ್ಣಲ್ಲಿ ನೀರೇ ಬಂತು. ಆದರೆ ಕಾಗದ ಬಿಡಿಸಿದಾಗ ನೀರು ಆರಿಹೋಯಿತು. ಯಾರೋ ಗಿರಣಿಯ ಗುಮಾಸ್ತೆ ಒಂದಕ್ಕೊಂದು ಕೂಡಿಸಿ ಗೀಚಿದ ಕನ್ನಡ. ಇಂಗ್ಲಿಷು ಮುತ್ತಿನಂತೆ ಬರೆಯುವ ನನಗೆ ಕನ್ನಡದ ಒತ್ತಕ್ಷರ ಇವತ್ತಿಗೂ ತಡವರಿಕೆಯೇ. ಬೆರಳಿಟ್ಟು ಓದಿದೆ. ತಾನು ಕ್ಷೇಮ. ದಿನವಿಡೀ ನೂಲಿನ ಯಂತ್ರದ ಮುಂದೆ ನಿಲ್ಲುತ್ತಾನೆ. ಸದ್ದಿಗೆ ಕಿವಿ ಮಂದವಾಗಿದೆ. ಅಕ್ಕ ಹೇಗಿದ್ದಾಳೆ? ಮಾವ, ಮುಂದಿನ ಸುಗ್ಗಿಗೆ ನಾನು ಊರಿಗೆ ಬರುತ್ತೇನೆ, ಬಂದರೆ ತಿರುಗಿ ಹೋಗುವುದಿಲ್ಲ.

ಸಾಬಣ್ಣ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನಲ್ಲಿ ಸಿಕ್ಕಿಸಿದ. ಮೆಟ್ಟಿಲಿಳಿದವನು ನಿಂತು, ನನ್ನ ಮುಖ ನೋಡದೆ, ಬಹಳ ಸಂಕೋಚದಿಂದ ಹೇಳಿದ:

“ನೀವು ಓದಿದ್ದು ಸರೀನ ಇರ್ತೈತ್ರಿ ಅಕ್ಕಾರ. ಆದ್ರೂ... ಶಾಲಿ ಮಾಸ್ತರಿಗೆ ಒಮ್ಮಿ ತೋರಿಸಿಕೊಂಡು ಹೋಗ್ತೀನಿ.”

“ತೋರಸು ಸಾಬಣ್ಣಾ,” ಎಂದೆ. ಬೇರೇನು ಹೇಳಲಿ?

ಸಂಜೆ ನಮ್ಮವರು ಬರುವಾಗ ಮಾಸ್ತರರು ದಾರಿಯಲ್ಲಿ ಸಿಕ್ಕಿದ್ದರಂತೆ.

“ನಾ ಓದಿದ್ದು ಸರಿ ಇತ್ತಂತೇನ್ರಿ?” ಬಾಗಿಲಲ್ಲೇ ಕೇಳಿದೆ.

“ಎಲ್ಲಾ ಸರಿ ಇತ್ತಂತ. ಒಂದು ಶಬ್ದ ಅಷ್ಟ ತಪ್ಪಂತ,” ಎಂದು ಚಪ್ಪಲಿ ಕಳಚುತ್ತಾ ಹೇಳಿದರು. “ಯಾವುದು ಹೇಳ್ಲೇನು?”

“ಬ್ಯಾಡ್ರಿ,” ಎಂದೆ.

ಸುಗ್ಗಿಗೆ ಇನ್ನು ಎರಡೇ ತಿಂಗಳು. ನಿಂಗಪ್ಪ ಬಂದು ಉಳಿಯುತ್ತಾನೋ ಇಲ್ಲವೋ, ಆಗ ತಾನಾಗಿಯೇ ತಿಳಿಯುತ್ತದೆ.